ಪೈಪ್ ಪ್ರಯೋಗದಲ್ಲಿ ಫಾರ್ಮುಲಾಗಿಂತ 35% ಜಾಸ್ತಿ ಬರ್ತಿದೆ. ಪೇಪರ್ ಮಾಡಲಾ, ಲ್ಯಾಬ್ ಬಿಟ್ಟು ಸಿಮ್ಯುಲೇಶನ್‌ಗೆ ಹೋಗಲಾ?

ಪ್ರಶ್ನೆ ಓದುತ್ತಾ ಎದೆ ಧಸಕ್ಕೆಂದಿತು. ನೀವು ಬರೆದ ವಿವರ ಇಷ್ಟು: ಅಲ್ಯುಮಿನಾ ಪುಡಿ ಕಲಸಿದ ನೀರು, ಬಿಸಿ ಮಾಡಿದ ತಾಮ್ರದ ಪೈಪು, ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಜೋರು, ಎಷ್ಟು ಕಲಕು ಅಂತ ಹೇಳುವ ಸಂಖ್ಯೆ) 4000ದಿಂದ ಶುರುವಾದ ರೀಡಿಂಗ್, ಡಿಟ್ಟಸ್-ಬೋಲ್ಟರ್ ಫಾರ್ಮುಲಾಗಿಂತ ಜಾಸ್ತಿ ಬಂದ ನುಸೆಲ್ಟ್ ಸಂಖ್ಯೆ, ಅಂದರೆ ಹರಿಯುವ ನೀರು ಗೋಡೆಯ ಬಿಸಿಯನ್ನು ಎಷ್ಟು ಚೆನ್ನಾಗಿ ಎಳೆದುಕೊಳ್ಳುತ್ತದೆ ಅನ್ನುವ ಲೆಕ್ಕ. 35 ಇದ್ದಲ್ಲಿ 40 ಬರೆದರೆ ಅದು ನನ್ನದೇ ಎಂ.ಟೆಕ್ ಕಥೆ. ಪೇಪರಾ, ಸಿಮ್ಯುಲೇಶನ್ನಾ ಅಂತ ಕೇಳಿದ್ದೀರಿ. ಈಗ ಎರಡೂ ಬೇಡ. ನಿಮ್ಮ ಪೈಪಿನಲ್ಲಿ ಬರೀ ನೀರು ಬಿಟ್ಟು ನೋಡಿದ್ದೀರಾ? ಪ್ರಶ್ನೆಯಲ್ಲಿ ಆ ಮಾತೇ ಇಲ್ಲ, ಅದಕ್ಕೇ ಬರೆಯಲು ಕೂತೆ.

ನಾನು ಓದಿದ್ದು ಮಂಗಳೂರಿನ ಹತ್ತಿರದ ಒಂದು ಕಾಲೇಜಿನಲ್ಲಿ. ಸೆಟಪ್ ಎಲ್ಲ ನನ್ನ ಕೈಯದ್ದೇ. 10 ಮಿಲಿಮೀಟರ್ ಒಳವ್ಯಾಸದ, 1 ಮೀಟರ್ ಉದ್ದದ ತಾಮ್ರದ ಪೈಪು. ಫಿಟ್ಟಿಂಗ್‌ಗಳನ್ನು ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಿ ತಂದೆ, ಫ್ಲ್ಯಾಂಜ್ ಬೈಕಂಪಾಡಿಯ ಒಂದು ಲೇತ್ ಶಾಪಿನಲ್ಲಿ ಮಾಡಿಸಿದೆ. ಪೈಪಿನ ಮೇಲೆ ನೈಕ್ರೋಮ್ ತಂತಿ, ಅದರ ಮೇಲೆ ಗ್ಲಾಸ್ ವೂಲ್, ಡಿಮ್ಮರ್‌ಸ್ಟಾಟ್‌ನಿಂದ (ವೋಲ್ಟೇಜ್ ಹೆಚ್ಚು ಕಮ್ಮಿ ಮಾಡುವ ಪೆಟ್ಟಿಗೆ) 600 ವಾಟ್. ಗೋಡೆಯ ಉಷ್ಣತೆ ನೋಡಲು ಆರು ಥರ್ಮೋಕಪಲ್. ಅವನ್ನು ನೈಕ್ರೋಮ್ ಸುತ್ತುಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟು, ಮೇಲಿಂದ ಎಂ-ಸೀಲ್ ಮೆತ್ತಿದೆ. ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ ಎಳೆದರೂ ಬರುತ್ತಿರಲಿಲ್ಲ. ಗಟ್ಟಿ ಕೂತರೆ ಆಯ್ತು ಅಂತ ನಾನು ನಂಬಿದ್ದೆ.

ಏಪ್ರಿಲ್ ತಿಂಗಳು, ಸೆಕೆ ಅಂದರೆ ಸೆಕೆ. ಲ್ಯಾಬಿನ ಅಣ್ಣ ಬಂದು ನಿಂತು, "ಎಂತ ಮಾರಾಯ್ತಿ, ಪುಡಿ ಹಾಕುವ ಮೊದಲು ಬರೀ ನೀರು ಬಿಟ್ಟು ನೋಡುವುದಿಲ್ವಾ?" ಅಂತ ಕೇಳಿದರು. "ನೀರಿನದ್ದು ಫಾರ್ಮುಲಾ ಉಂಟಲ್ಲ ಅಣ್ಣ" ಅಂದೆ. ಆ ಒಂದು ಉತ್ತರಕ್ಕೆ ನನ್ನ ಆರು ತಿಂಗಳು ಹೋಯಿತು.

ಪುಡಿ ಹಾಕಿದ ನೀರಿನಲ್ಲಿ 40% ಜಾಸ್ತಿ ಬಂತು. ಖುಷಿಯೋ ಖುಷಿ. ಒಂದು ಸಮ್ಮೇಳನಕ್ಕೆ ಪೇಪರ್ ಕಳಿಸಿದೆ, ಅದು ಒಪ್ಪಿಗೆಯೂ ಆಯ್ತು. ಜುಲೈಯಲ್ಲಿ ಥೀಸಿಸ್ ಕೊಡುವ ಮುಂಚಿನ ಸೆಮಿನಾರ್. ಹೊರಗಿನಿಂದ ಬಂದ ಪರೀಕ್ಷಕರು ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ನಿಮ್ಮ ಪೈಪಿನಲ್ಲಿ ನೀರಿನ ರೀಡಿಂಗ್ ಎಲ್ಲಿಯಮ್ಮಾ?" ನನ್ನ ಹತ್ತಿರ ಇರಲಿಲ್ಲ. ಮರುದಿನ ಬೆಳಿಗ್ಗೆ ಪೈಪ್ ತೊಳೆದು ಬರೀ ನೀರು ಬಿಟ್ಟೆ. ಫಾರ್ಮುಲಾಗಿಂತ 37% ಜಾಸ್ತಿ ಬಂತು. ಪುಡಿ ಇಲ್ಲ, ಏನೂ ಇಲ್ಲ, ನಲ್ಲಿ ನೀರು! ಹೊರಗೆ ಮಳೆ ಸುರಿಯುತ್ತಿತ್ತು, ನಾನು ಸ್ಟೂಲಿನ ಮೇಲೆ ಕೂತು ಅತ್ತೆ.

ಎಲ್ಲಿ ತಪ್ಪಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮದೂ ಬಹುಶಃ ಇಲ್ಲೇ ಇದೆ. ರೆನಾಲ್ಡ್ಸ್ ಸಂಖ್ಯೆ 10,000 ಅಂತ ಇಟ್ಟುಕೊಳ್ಳಿ. ನನ್ನ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 0.8 ಮೀಟರ್ ವೇಗ, ನಿಮಿಷಕ್ಕೆ ನಾಲ್ಕು ಲೀಟರಿಗಿಂತ ಸ್ವಲ್ಪ ಕಮ್ಮಿ ನೀರು. ಫಾರ್ಮುಲಾ ಪ್ರಕಾರ ನುಸೆಲ್ಟ್ ಸಂಖ್ಯೆ 72ರ ಹತ್ತಿರ, ಹೀಟ್ ಟ್ರಾನ್ಸ್‌ಫರ್ ಕೋಎಫಿಶಿಯೆಂಟ್ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ದಾಟುತ್ತದೆ ಅನ್ನುವುದು) ಸುಮಾರು 4400. ಪೈಪಿನ ಒಳಮೈ 0.0314 ಚದರ ಮೀಟರ್. 600 ವಾಟನ್ನು ಅದರಿಂದ ಭಾಗಿಸಿ, ಮತ್ತೆ 4400ರಿಂದ ಭಾಗಿಸಿದರೆ ಗೋಡೆಗೂ ನೀರಿಗೂ ಇರಬೇಕಾದ ವ್ಯತ್ಯಾಸ ಬರೀ 4.3 ಡಿಗ್ರಿ. ನಮ್ಮ ಇಡೀ ಉತ್ತರ ನಿಂತಿರುವುದು ಈ 4.3 ಡಿಗ್ರಿಯ ಮೇಲೆ. ಸಾಮಾನ್ಯ ಕೆ-ಟೈಪ್ ಥರ್ಮೋಕಪಲ್‌ಗೆ ಆಚೀಚೆ 2.2 ಡಿಗ್ರಿ ತಪ್ಪಲು ಅನುಮತಿಯೇ ಇದೆ. ಅರ್ಥವಾಯ್ತಲ್ವಾ? ತಕ್ಕಡಿಯ ತಪ್ಪು ಸಾಮಾನಿನ ಅರ್ಧ ತೂಕದಷ್ಟು.

ನನ್ನಲ್ಲಿ ಎರಡು ತಪ್ಪು ಒಂದೇ ದಿಕ್ಕಿಗೆ ಕೂಡಿಕೊಂಡವು. ಗ್ಲಾಸ್ ವೂಲ್ ನಮ್ಮ ಊರಿನ ಹವೆಗೆ ತೇವ ಹಿಡಿದಿತ್ತು. 600ರಲ್ಲಿ ಸುಮಾರು 50 ವಾಟ್ ಹೊರಗೇ ಹೋಗುತ್ತಿತ್ತು. ನಾನು ಮಾತ್ರ ವೋಲ್ಟ್ ಆಂಪಿಯರ್ ಗುಣಿಸಿ ಪೂರ್ತಿ 600 ನೀರಿಗೇ ಹೋಯಿತು ಅಂತ ಲೆಕ್ಕ ಹಾಕಿದೆ. ಇನ್ನೊಂದು ಎಂ-ಸೀಲ್. ಥರ್ಮೋಕಪಲ್ ತುದಿಯ ಮಣಿ ತಾಮ್ರಕ್ಕೆ ಸರಿಯಾಗಿ ತಾಗಿರಲಿಲ್ಲ, ನಡುವೆ ಎಂ-ಸೀಲಿನ ತೆಳು ಪದರ. ತಂತಿ ಅಲ್ಲಿಂದ ನೇರ ಹೊರಗೆ ಬಂದು ಕೋಣೆಯ ಗಾಳಿಗೆ ಬಿಸಿ ಬಿಟ್ಟುಕೊಡುತ್ತಿತ್ತು. ಹಾಗಾಗಿ ಮಣಿ ಗೋಡೆಗಿಂತ ಸುಮಾರು 0.9 ಡಿಗ್ರಿ ತಣ್ಣಗೆ. 550 ವಾಟಿಗೆ ನಿಜವಾದ ವ್ಯತ್ಯಾಸ 4 ಡಿಗ್ರಿ, ನಾನು ಓದಿದ್ದು 3.1. 50 ವಾಟ್ ಮತ್ತು 0.9 ಡಿಗ್ರಿ, ಇಷ್ಟೇ. ಲೆಕ್ಕ ಹಾಕಿ ನೋಡಿ, 40%ರ ಹತ್ತಿರ ತಾನಾಗಿ ಬರುತ್ತದೆ.

ನೀರು ಎಷ್ಟು ಬಿಸಿ ಎತ್ತಿತು ಅಂತ ಒಳಗೆ ಹೊರಗೆ ಅಳೆದು ತಾಳೆ ನೋಡಬಹುದಿತ್ತಲ್ಲ ಅನ್ನಬಹುದು. 600 ವಾಟಾದರೆ 2.3 ಡಿಗ್ರಿ ಏರಿಕೆ, 550 ಆದರೆ 2.1. ನನ್ನ ಥರ್ಮೋಕಪಲ್‌ಗೆ ಆ 0.2 ಡಿಗ್ರಿ ಕಾಣುವುದೇ ಇಲ್ಲ. ಒಳಗೆ ಹೊರಗೆ ಪಿಟಿ-100 (ಪ್ಲಾಟಿನಂನ, ಹೆಚ್ಚು ನಿಖರವಾದ ಉಷ್ಣತೆಯ ಸೆನ್ಸರ್) ಹಾಕಬೇಕಿತ್ತು, ಎರಡನ್ನೂ ಒಂದೇ ಬಕೆಟ್ ನೀರಿನಲ್ಲಿಟ್ಟು ಹೊಂದಿಸಿಕೊಳ್ಳಬೇಕಿತ್ತು. ನಿಮ್ಮಲ್ಲಿ ವೈರಿಂಗ್ ತಡೆಯುವುದಾದರೆ ಹೀಟರ್ ದೊಡ್ಡದು ಮಾಡಿ, ವ್ಯತ್ಯಾಸ 10 ಡಿಗ್ರಿಗೆ ಏರಲಿ.

ಫಾರ್ಮುಲಾ ಬಗ್ಗೆಯೂ ಒಂದು ಮಾತು. ಡಿಟ್ಟಸ್ ಮತ್ತು ಬೋಲ್ಟರ್ 1930ರಲ್ಲಿ ಬರೆದದ್ದರಲ್ಲಿ ನಾವು ಬಾಯಿಪಾಠ ಮಾಡಿದ 0.023 ಇಲ್ಲ. ಬಿಸಿ ಮಾಡುವುದಕ್ಕೆ 0.0243, ತಣಿಸುವುದಕ್ಕೆ 0.0265 ಇತ್ತು. 0.023 ಆಮೇಲೆ ಬಂದದ್ದು. ಆ ಫಾರ್ಮುಲಾದಲ್ಲೇ 25% ತನಕ ತಪ್ಪು ಬರಬಹುದು. ನಿಮ್ಮ ರೀಡಿಂಗ್ ರೆನಾಲ್ಡ್ಸ್ 4000ದಿಂದ ಶುರು ಅಂತ ಬರೆದಿದ್ದೀರಿ. ಅಲ್ಲಿ ಈ ಫಾರ್ಮುಲಾ ಹಾಕಲೇಬಾರದು, ಇದು 10,000ದಿಂದ ಮೇಲಿನದ್ದು. ಇದೇ ಕೆಲಸಕ್ಕಿರುವ 1976ರ ಗ್ನಿಲಿನ್‌ಸ್ಕಿ ಸಮೀಕರಣ 3000ದಿಂದಲೇ ನಡೆಯುತ್ತದೆ, ಅದನ್ನು ಬಳಸಿ. ಆದರೂ ಹೋಲಿಕೆ ಮಾಡಬೇಕಾದದ್ದು ನಿಮ್ಮದೇ ಪೈಪಿನ ನೀರಿನ ಜೊತೆಗೆ. ಫಾರ್ಮುಲಾ ಬೇಕಾದದ್ದು ಆ ನೀರಿನ ರೀಡಿಂಗ್ ಸರಿ ಇದೆಯಾ ಅಂತ ನೋಡಲು ಮಾತ್ರ.

ಇನ್ನೊಂದು, ಒಂದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ ಹೋಲಿಸಬೇಡಿ. ಪುಡಿ ಹಾಕಿದರೆ ನೀರು ದಪ್ಪಗಾಗುತ್ತದೆ, ಅದೇ ರೆನಾಲ್ಡ್ಸ್ ಬರಬೇಕಾದರೆ ಜೋರಾಗಿ ಪಂಪ್ ಮಾಡಬೇಕು. ಜೋರಾಗಿ ಹರಿದದ್ದರ ಲಾಭವನ್ನು ಪುಡಿಯ ಲೆಕ್ಕಕ್ಕೆ ಹಾಕಿದ ಹಾಗಾಗುತ್ತದೆ. 1998ರಲ್ಲೇ ಪಾಕ್ ಮತ್ತು ಚೋ ಎಂಬ ಸಂಶೋಧಕರು ಇದನ್ನು ತೋರಿಸಿದ್ದಾರೆ: ಪುಡಿ ಒಟ್ಟು ದ್ರವದ ಗಾತ್ರದ 3% ಇದ್ದಾಗ, ಒಂದೇ ವೇಗದಲ್ಲಿ ಹೋಲಿಸಿದರೆ, ಕೋಎಫಿಶಿಯೆಂಟ್ ನೀರಿಗಿಂತ 12% ಕಮ್ಮಿ ಬಂತು.

ಸಿಮ್ಯುಲೇಶನ್‌ಗೆ ಓಡಿಹೋಗುವುದನ್ನಂತೂ ನಾನು ಒಪ್ಪುವುದಿಲ್ಲ. ಅಲ್ಲಿಯೂ ಗೋಡೆಯ ಪಕ್ಕದ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ತುಂಡು ಮಾಡಿದ ಚೌಕಗಳು) ಸಾಕಷ್ಟು ಸಣ್ಣದಿರದಿದ್ದರೆ ನುಸೆಲ್ಟ್ ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಸರಿ ಅಂತ ತೋರಿಸಲು ಮತ್ತೆ ನೀರಿನ ರೀಡಿಂಗೇ ಬೇಕು. ಎಲ್ಲಿ ಹೋದರೂ ಅದೇ ಕೇಳುತ್ತಾರೆ.

ನಾನು ಪೇಪರ್ ವಾಪಸ್ ತೆಗೆದುಕೊಂಡೆ. ಒಂದು ಸೆಮಿಸ್ಟರ್ ಹೆಚ್ಚು ಫೀಸ್ ಕಟ್ಟಿದೆ. ಸಿಕ್ಕಿದ್ದ ಕೆಲಸ ಸೇರುವ ತಾರೀಖು ದಾಟಿತು, ಅವರು ಕಾಯಲಿಲ್ಲ. ಹೊಸ ಪೈಪಿನಲ್ಲಿ ಗೋಡೆಗೆ ಸಣ್ಣ ಗೀರು ಕೊರೆಸಿ ಮಣಿಯನ್ನು ಬೆಸುಗೆ ಹಾಕಿಸಿದೆ. ತಂತಿಯನ್ನು ಹೊರಗೆ ಬಿಡುವ ಮೊದಲು ಪೈಪಿನ ಉದ್ದಕ್ಕೂ ಒಂದು ಗೇಣು ಒತ್ತಿ ಕಟ್ಟಿದೆ. ನೀರಿನ ರೀಡಿಂಗ್ ಗ್ನಿಲಿನ್‌ಸ್ಕಿಗೆ 8% ಒಳಗೆ ಬಂತು. ಪುಡಿಯಿಂದ ಬಂದ ಹೆಚ್ಚಳ ನನ್ನ ಅಳತೆಯ ತಪ್ಪಿಗಿಂತ ಚಿಕ್ಕದಿತ್ತು. ಹಾಗೇ ಬರೆದೆ, ಥೀಸಿಸ್ ಪಾಸಾಯಿತು.

ನಾಳೆ ಬೆಳಿಗ್ಗೆ ಟೆರೇಸಿನ ಟ್ಯಾಂಕ್ ಬಿಸಿಯಾಗುವ ಮೊದಲೇ ಲ್ಯಾಬಿಗೆ ಹೋಗಿ. ಮಧ್ಯಾಹ್ನ ಒಳಬರುವ ನೀರು ಏರುತ್ತಲೇ ಇರುತ್ತದೆ, ಏನೂ ಸ್ಥಿರವಾಗುವುದಿಲ್ಲ. ಪೈಪ್ ತೊಳೆದು ಬರೀ ನೀರು ಬಿಟ್ಟು ಐದಾರು ವೇಗಗಳಲ್ಲಿ ರೀಡಿಂಗ್ ತೆಗೆಯಿರಿ. ವ್ಯಾಸ, ವಾಟ್, ಆರೂ ಗೋಡೆಯ ಉಷ್ಣತೆ, ಒಳಗೆ ಹೊರಗಿನ ನೀರಿನದ್ದು, ಎಲ್ಲ ಇಲ್ಲೇ ಕೆಳಗೆ ಹಾಕಿ. ಕೂತು ನೋಡಿ ಹೇಳುತ್ತೇನೆ.