ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದರೆ ರೇಷನ್‌ಗೆ ತೊಂದರೆಯೇ?

ಮಲೆನಾಡಿನ ಹೊಸನಗರ ಕಡೆಯ ಮನೆಯವರು ಕೇಳಿದ್ದಕ್ಕೆ: ಲಾಕ್ (ಬೆರಳಚ್ಚು, ಕಣ್ಣು, ಮುಖ ಬಳಸಿ ಆಧಾರ್ ದೃಢೀಕರಣ ಆಗದಂತೆ ಹಾಕುವ ಬೀಗ) ಮಾಡಿ, ಆದರೆ ಬೆರಳಚ್ಚು ಕೊಡಬೇಕಾದ ರೇಷನ್ ದಿನ ತೆಗೆಯಬೇಕಾಗುತ್ತದೆ.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಎಇಪಿಎಸ್ (ಆಧಾರ್ ಮೂಲಕ ಬ್ಯಾಂಕ್ ವಹಿವಾಟು ನಡೆಸುವ ವ್ಯವಸ್ಥೆ) ಯಂತ್ರದಲ್ಲಿ ಹಣ ತೆಗೆಯಬಹುದು, ಒಟಿಪಿ ಬೇಕಿಲ್ಲ. ಜಮೀನು ನೋಂದಣಿ ಪತ್ರದಲ್ಲಿರುವ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಅಚ್ಚು ತಯಾರಿಸಿ ಖಾತೆ ಬರಿದು ಮಾಡಿದ ಪ್ರಕರಣಗಳು ನಡೆದಿವೆ.

ಮೈಆಧಾರ್ ತಾಣಕ್ಕೆ ಆಧಾರ್ ಸಂಖ್ಯೆ, ಒಟಿಪಿ ಕೊಟ್ಟು ಒಳಹೋಗಿ, ಬಯೋಮೆಟ್ರಿಕ್ ಲಾಕ್ ಆಯ್ಕೆ ಒತ್ತಿ. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆ ಆಗಿರದಿದ್ದರೆ ಇದು ಆಗುವುದೇ ಇಲ್ಲ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ಲಾಕ್ ಆದ ಮೇಲೂ ಒಟಿಪಿ ಮೂಲಕ ದೃಢೀಕರಣ ನಡೆಯುತ್ತದೆ, ಬೆರಳು, ಕಣ್ಣು, ಮುಖ ಮಾತ್ರ ನಡೆಯದು.

ಮಲೆನಾಡಿನಲ್ಲಿ ಎಡವಟ್ಟಾಗುವುದು ಇಲ್ಲೇ. ತಾತ್ಕಾಲಿಕವಾಗಿ ತೆಗೆದ ಲಾಕ್ ಸುಮಾರು 10 ನಿಮಿಷಕ್ಕೆ ಮತ್ತೆ ತಾನೇ ಬೀಳುತ್ತದೆ. ಮನೆಯ ಗುಡ್ಡದ ಮೇಲೆ ಸಿಗ್ನಲ್ ಹಿಡಿದು ತೆಗೆದು, ನ್ಯಾಯಬೆಲೆ ಅಂಗಡಿಗೆ ಇಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅಂಗಡಿಯ ಸಾಲಿನಲ್ಲಿ ನಿಂತೇ ತೆಗೆಯಿರಿ. ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಹಿಂದಿನ ದಿನವೇ ಲಾಕ್ ಪೂರ್ತಿ ರದ್ದು ಮಾಡಿ, ಅಕ್ಕಿ ತಂದ ಮೇಲೆ ಮತ್ತೆ ಹಾಕಿ.

ಹೋಂಸ್ಟೇ, ಸಿಮ್ ಅಂಗಡಿಗಳಿಗೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೋರಿಸಿ ನೋಡಿ. ಖಾಸಗಿ ಸಂಸ್ಥೆಗಳು ಒಪ್ಪಂದದ ನೆಪದಲ್ಲಿ ಆಧಾರ್ ಕಡ್ಡಾಯ ಮಾಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ತಳ್ಳಿಹಾಕಿದೆ.

ಈ ಲಾಕ್ ಕಳ್ಳರಿಗೆ, ಸರ್ಕಾರಕ್ಕಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೇಂದ್ರವು ತನ್ನ ಸಂಸ್ಥೆಗಳಿಗೆ ಆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು; ನನ್ನ ದೃಷ್ಟಿಯಲ್ಲಿ ಅದು ವಿಪರೀತ ಸಡಿಲ.