ಗ್ರಾಹಕರ ಚಿತ್ರವನ್ನು ಟೈಲ್ ಮೊಸಾಯಿಕ್ ಆಗಿ ಜೋಡಿಸಲು ರೋಬೋಟ್ ಕೊಂಡರೆ ಸಾಕೇ?

ಗ್ರಾಹಕರು ತಂದುಕೊಡುವ ಚಿತ್ರವನ್ನೇ ಸಣ್ಣ ಟೈಲ್‌ಗಳ ಮೊಸಾಯಿಕ್ ಆಗಿ ಮಾಡಿಕೊಡುವ ಘಟಕವೊಂದನ್ನು ಆರಂಭಿಸಬೇಕೆಂದಿದ್ದೀರಿ. ಜೋಡಣೆಗೆ ರೋಬೋಟ್ ಕೊಂಡರೆ ಕೆಲಸ ಸಾಗುತ್ತದೆಯೇ, ಮೊದಲು ಯಾವುದಕ್ಕೆ ಹಣ ಹಾಕಬೇಕು ಎಂದು ಕೇಳಿದ್ದೀರಿ. ಬಿಡಿಭಾಗಗಳನ್ನು ಎತ್ತಿ ಇಡುವ ಯಂತ್ರಗಳೊಡನೆ ಕೆಲಸ ಮಾಡುವ ನನ್ನ ಉತ್ತರ, ಖಂಡಿತ ಸಾಗುತ್ತದೆ ಎಂಬುದೇ. ಆದರೆ ಟೈಲ್ ಎತ್ತಿ ಇಡುವುದು ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಅದಕ್ಕೆ ಮುಂಚಿನ ಬಣ್ಣದ ಲೆಕ್ಕ ಮತ್ತು ಟೈಲ್ ವಿಂಗಡಣೆಗೆ ಮೊದಲು ಹಣ ಹಾಕಿ. ರೋಬೋಟ್ ಆಮೇಲೆ ಬರಲಿ. (ನಾನಿಲ್ಲಿ ಹೇಳುತ್ತಿರುವುದು ಬಿಡಿ ಟೈಲ್‌ಗಳನ್ನು ಜೋಡಿಸಿದ ಚಿತ್ರದ ವಿಷಯವೇ ಹೊರತು, ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಬೆರೆಸಿ ಪಾಲಿಶ್ ಮಾಡುವ ನೆಲದ ವಿಷಯವಲ್ಲ.)

ಈ ವ್ಯವಹಾರಕ್ಕೆ ಪೂರ್ವೋದಾಹರಣೆ ಇದೆ. ಟೆಡ್ ಆಕ್‌ವರ್ತ್ ಅವರು 2007ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಸ್ಥಾಪಿಸಿದ ಆರ್ಟೈಕ್ ಕಂಪನಿ ಹುಟ್ಟಿದ್ದೇ ಇದಕ್ಕಾಗಿ; ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ‘ಆರ್ಟಿ’ ಎಂದು ಹೆಸರಿಟ್ಟ ರೋಬೋಟಿನಿಂದ ಟೈಲ್ ಜೋಡಿಸುವ ಕ್ರಮವನ್ನು ಅದು ನಡೆಸಿ ತೋರಿಸಿತು. ವೇಗದ ಲಾಭ ಎಷ್ಟೆಂಬುದನ್ನು ನೀವೇ ಲೆಕ್ಕ ಹಾಕಬಹುದು. 20 ಮಿಲಿಮೀಟರ್ ಟೈಲ್‌ಗೆ 2 ಮಿಲಿಮೀಟರ್ ಸಂದು ಬಿಟ್ಟರೆ, 3 ಮೀಟರ್ ಅಗಲ ಮತ್ತು 2 ಮೀಟರ್ ಎತ್ತರದ ಗೋಡೆಗೆ 136 ಕಂಬಸಾಲು, 90 ಅಡ್ಡಸಾಲು, ಅಂದರೆ 12,240 ಟೈಲ್ ಬೇಕು. ಒಂದು ಟೈಲ್‌ಗೆ ಎರಡು ಸೆಕೆಂಡ್ ತೆಗೆದುಕೊಳ್ಳುವ ಯಂತ್ರವು ಇದನ್ನು ಏಳು ಗಂಟೆಯೊಳಗೆ ಮುಗಿಸುತ್ತದೆ. ನಕ್ಷೆ ನೋಡಿ, ಬಣ್ಣ ಹುಡುಕಿ, ಕೈಯಿಂದ ಇಡುವವರಿಗೆ ಒಂದಕ್ಕೆ ಹತ್ತು ಸೆಕೆಂಡ್ ಎಂದಿಟ್ಟುಕೊಂಡರೂ ಬಿಡುವಿಲ್ಲದೆ 34 ಗಂಟೆ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಗೋಡೆಗೂ ಚಿತ್ರ ಬದಲಾದರೂ ಯಂತ್ರಕ್ಕೆ ಬದಲಾಗುವುದು ಒಂದು ಕಡತ ಮಾತ್ರ.

ಈಗ ಆ 136 ಮತ್ತು 90ರ ಕಡೆಗೆ ಇನ್ನೊಮ್ಮೆ ನೋಡಿ. ಗ್ರಾಹಕರು ಮೊಬೈಲಿನಿಂದ ಕಳಿಸುವ ಫೋಟೋದಲ್ಲಿ ಕೋಟಿಗೂ ಮಿಕ್ಕಿ ಚುಕ್ಕೆಗಳಿರುತ್ತವೆ. ನಿಮ್ಮ ಗೋಡೆಯಲ್ಲಿ ಇರುವುದು ಹನ್ನೆರಡು ಸಾವಿರ ಚಿಲ್ಲರೆ. ಇಷ್ಟು ಕಡಿಮೆ ಚೌಕಗಳಲ್ಲಿ ಮುಖ ಕಾಣುವುದೇ ಎಂಬ ಅಳುಕು ಬೇಡ. 1973ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ ಅವರು ಸುಮಾರು 250 ಬೂದು ಚೌಕಗಳಲ್ಲಿ ಮೂಡಿಸಿದ ಅಬ್ರಹಾಂ ಲಿಂಕನ್ ಮುಖವನ್ನು ದೂರದಿಂದ ನೋಡಿದವರು ಗುರುತು ಹಿಡಿಯುತ್ತಿದ್ದರು. ಸಂಖ್ಯೆಗಿಂತ ಹೆಚ್ಚು ಕಾಡುವುದು ಬಣ್ಣ. ಚಿತ್ರದಲ್ಲಿ ಲಕ್ಷಗಟ್ಟಲೆ ಛಾಯೆಗಳಿದ್ದರೆ ನಿಮ್ಮ ದಾಸ್ತಾನಿನಲ್ಲಿ ಐವತ್ತೋ ಅರವತ್ತೋ ಬಣ್ಣಗಳಿರುತ್ತವೆ, ಅವುಗಳಲ್ಲೂ ಮೈಬಣ್ಣಕ್ಕೆ ಒದಗುವ ಕಂದು ಮತ್ತು ಗೋಧಿ ಬಣ್ಣಗಳು ಬೆರಳೆಣಿಕೆಯಷ್ಟೇ. ಗಾಜಿನ ಟೈಲ್ ಆದರೆ ಕೆಂಪು ಮತ್ತು ಕಿತ್ತಳೆಗೆ ಕ್ಯಾಡ್ಮಿಯಂ, ಸೆಲೆನಿಯಂ ಬಳಸಬೇಕಾದ್ದರಿಂದ ಅವು ನೀಲಿ, ಹಸಿರುಗಳಿಗಿಂತ ದುಬಾರಿ. ಬೆಲೆ ಹೇಳುವ ಮುನ್ನ ಚಿತ್ರದಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಎಣಿಸಲೇಬೇಕು.

ಇಲ್ಲದ ಛಾಯೆಯನ್ನು ಪಕ್ಕಪಕ್ಕದ ಎರಡು ಬಣ್ಣಗಳಿಂದ ಹೊಮ್ಮಿಸುವ ವಿಧಾನಗಳು ಹಳೆಯವು. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಅವರ 1976ರ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಕಾಶ, ನೀರು, ಬೆಟ್ಟದ ಇಳಿಜಾರಿಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ಮುಖಕ್ಕೆ ಮಾತ್ರ ಹಾಗೆಯೇ ಬಿಡಬಾರದು, ಏಕೆಂದರೆ ಕೆನ್ನೆಯ ನಡುವೆ ಬಿದ್ದ ಒಂದೇ ಒಂದು ಕಪ್ಪುಗಂದು ಚೌಕ ಮಚ್ಚೆಯಂತೆ ಎದ್ದು ಕಾಣುತ್ತದೆ. ಕಣ್ಣು, ತುಟಿ, ಕೆನ್ನೆಗಳ ಸುತ್ತ ಚಿತ್ರಕಲೆ ಬಲ್ಲವರೊಬ್ಬರು ಕುಳಿತು ಚೌಕ ಚೌಕವಾಗಿ ತಿದ್ದಬೇಕು. ಆ ಒಬ್ಬರಿಗೆ ಕೊಡುವ ಸಂಬಳವನ್ನು ದಯವಿಟ್ಟು ಖರ್ಚೆಂದು ನೋಡಬೇಡಿ. ನಿಮ್ಮ ಘಟಕಕ್ಕೆ ಹೆಸರು ಬರುವುದಿದ್ದರೆ ಅವರಿಂದಲೇ ಬರುತ್ತದೆ.

ಬಹಳ ಜನ ಮರೆಯುವ ಇನ್ನೊಂದು ಬಣ್ಣವೆಂದರೆ ಸಂದಿನದು. ಮೇಲಿನ ಅಳತೆಯಲ್ಲಿ ಗೋಡೆಯ ಮೇಲ್ಮೈಯ ಸುಮಾರು ಶೇ. 17 ಭಾಗ ಟೈಲ್ ಅಲ್ಲ, ಸಂದಿಗೆ ತುಂಬುವ ಗ್ರೌಟ್. ಚಿತ್ರ ಇನ್ನಷ್ಟು ಸೂಕ್ಷ್ಮವಾಗಲೆಂದು 10 ಮಿಲಿಮೀಟರ್ ಟೈಲ್‌ಗೆ ಹೋಗಿ ಸಂದನ್ನು 2 ಮಿಲಿಮೀಟರಿನಲ್ಲೇ ಉಳಿಸಿದರೆ ಆ ಪಾಲು ಶೇ. 30ರ ಸನಿಹಕ್ಕೆ ಏರುತ್ತದೆ. ಇಂಥ ಗೋಡೆಗೆ ಬಿಳಿ ಗ್ರೌಟ್ ತುಂಬಿದರೆ ಇಡೀ ಚಿತ್ರಕ್ಕೆ ಸುಣ್ಣದ ಪೊರೆ ಬಂದಂತಾಗುತ್ತದೆ, ಕಡುಗಪ್ಪು ತುಂಬಿದರೆ ತಿಳಿ ಬಣ್ಣಗಳೆಲ್ಲ ಮಂಕಾಗುತ್ತವೆ. ಆದ್ದರಿಂದ ತಂತ್ರಾಂಶವು ಟೈಲ್ ಆಯ್ಕೆ ಮಾಡುವಾಗಲೇ ಗ್ರೌಟಿನ ಬಣ್ಣವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಗ್ರಾಹಕರಿಗೆ ತೋರಿಸುವ ಮಾದರಿಯಲ್ಲೂ ಸಂದು ಕಾಣಬೇಕು. ಸಾಮಾನ್ಯ ಚಿತ್ರಗಳಿಗೆ ಮಧ್ಯಮ ಬೂದು ಗ್ರೌಟ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಇನ್ನು ಟೈಲ್ ಯಂತ್ರದ ಬಾಯಿಗೆ ಬರುವ ದಾರಿ. ಪ್ರತಿ ಬಣ್ಣಕ್ಕೂ ಒಂದು ಲಂಬ ಕೊಳವೆ ಇಟ್ಟು, ಅದರಲ್ಲಿ ಟೈಲ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಗಾಳಿ ಹೀರಿ ಹಿಡಿಯುವ ವ್ಯಾಕ್ಯೂಮ್ ಕಪ್‌ನಿಂದ ಎತ್ತಿಕೊಳ್ಳುವುದು ಸರಳ ಕ್ರಮ. ಕೊಳವೆಗೆ ತುಂಬುವುದೇ ಸರಳವಲ್ಲ. ಟೈಲ್‌ಗಳು ಮುಖ ಮೇಲಾಗಿಯೇ ಬರಬೇಕು, ಮೂಲೆ ಮುರಿದವು ಬರಬಾರದು, ಅಳತೆ ಮೀರಿದವು ಕೊಳವೆಯಲ್ಲಿ ಸಿಕ್ಕಿಕೊಳ್ಳಬಾರದು. ಸೆರಾಮಿಕ್ ಟೈಲ್ ಸುಡುವಾಗ ಕುಗ್ಗುವುದರಿಂದ ಒಂದೇ ಪೆಟ್ಟಿಗೆಯಲ್ಲೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಯಂತ್ರವು ಪ್ರತಿ ಟೈಲನ್ನೂ ಅದರ ಮಧ್ಯಬಿಂದು ಹಿಡಿದು ಇಡುವಂತೆ ಮಾಡಿದರೆ ಈ ವ್ಯತ್ಯಾಸ ಸಾಲಿನುದ್ದಕ್ಕೂ ಕೂಡುತ್ತಾ ಹೋಗದೆ, ಆಯಾ ಸಂದಿನಲ್ಲೇ ಕರಗಿಹೋಗುತ್ತದೆ. ನುಣುಪಾದ ಮುಖದ ಟೈಲ್‌ಗೆ ಸಾಮಾನ್ಯ ವ್ಯಾಕ್ಯೂಮ್ ಕಪ್ ಸಾಕು. ಮುಖ ಒರಟಾಗಿದ್ದರೆ ಗಾಳಿ ಸೋರಿ ಟೈಲ್ ಜಾರುತ್ತದೆ, ಅದಕ್ಕೆ ಸುರುಳಿಮಡಿಕೆಯ ಮೆತ್ತನೆಯ ರಬ್ಬರ್ ಕಪ್ ಬೇಕು. ಒಂದೇ ಹೆಸರಿನ ನೀಲಿ ಎರಡು ಬ್ಯಾಚ್‌ಗಳಲ್ಲಿ ಎರಡು ಬಗೆಯಾಗಿ ಬರುವುದೂ ಉಂಟು. ಮೊದಲ ಬ್ಯಾಚ್ ಮುಗಿದ ಮೇಲೆ ಎರಡನೆಯದನ್ನು ತುಂಬಿದರೆ ಆಕಾಶದಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಎರಡನ್ನೂ ಮೊದಲಿನಿಂದಲೇ ಬೆರೆಸಿ ಇಟ್ಟರೆ ಅದೇ ವ್ಯತ್ಯಾಸ ಆಕಾಶಕ್ಕೆ ಜೀವ ತುಂಬುತ್ತದೆ. ಎರಡು ಕೊಳವೆಗಳಿಂದ ಅಡ್ಡಾದಿಡ್ಡಿಯಾಗಿ ಆರಿಸುವಂತೆ ಯಂತ್ರಕ್ಕೆ ಹೇಳುವುದು ಕಷ್ಟವೇನಲ್ಲ.

ಜೋಡಿಸಿದ ಮೇಲೆ ಸುಮಾರು 30 ಸೆಂಟಿಮೀಟರ್ ಚೌಕದ ಹಾಳೆಗಳಾಗಿ ಎತ್ತಬೇಕು. ಟೈಲ್‌ಗಳನ್ನು ಮುಖ ಮೇಲಾಗಿ ಜೋಡಿಸಿ, ಮೇಲಿನಿಂದ ಪಾರದರ್ಶಕ ಅಂಟುಹಾಳೆ ಒತ್ತುವ ಕ್ರಮವನ್ನೇ ನಾನು ಸೂಚಿಸುತ್ತೇನೆ. ಹಿಂಬದಿಗೆ ಜಾಲರಿ ಅಂಟಿಸಿದರೆ ಟೈಲ್ ಬೆನ್ನಿನ ಒಂದಷ್ಟು ಭಾಗ ಮುಚ್ಚಿಹೋಗಿ ಗೋಡೆಯ ಅಂಟಿಗೆ ಹಿಡಿತ ಕಡಿಮೆಯಾಗುತ್ತದೆ; ಸ್ನಾನದಮನೆ, ಈಜುಕೊಳಗಳಲ್ಲಿ ಇದು ಸಣ್ಣ ವಿಷಯವಲ್ಲ. ಪ್ರತಿ ಹಾಳೆಯ ಮೇಲೂ ಸಾಲಿನ ಸಂಖ್ಯೆ ಮತ್ತು ಮೇಲ್ಮುಖದ ಬಾಣ ಇರಲಿ. ಹಾಳೆ ಹಾಳೆಗಳ ನಡುವಿನ ಸಂದು ಹಾಳೆಯೊಳಗಿನ ಸಂದಿಗಿಂತ ಅರ್ಧ ಮಿಲಿಮೀಟರ್ ಹೆಚ್ಚಾದರೂ, ಓರೆ ಬೆಳಕು ಬಿದ್ದಾಗ ಇಡೀ ಗೋಡೆ ಕಿಟಕಿಯ ಸರಳಿನ ಹಿಂದೆ ನಿಂತಂತೆ ಕಾಣುತ್ತದೆ. ಆದ್ದರಿಂದ ಟೈಲ್ಸ್ ಹಾಕುವ ಮೇಸ್ತ್ರಿಯನ್ನು ಕಾರ್ಖಾನೆಗೆ ಕರೆಸಿ ಒಮ್ಮೆ ತೋರಿಸಿಕೊಡಿ.

ಕೈಕೆಲಸದ ಮೊಸಾಯಿಕ್ ಕಲಾವಿದರ ಗತಿ ಏನೆಂದೂ ಕೇಳಿದ್ದೀರಿ. ನಾನು ವಿವರಿಸಿದಂಥ ಯಂತ್ರ ಮಾಡುವುದು ಚೌಕಳಿಯನ್ನು. ಇಟಲಿಯ ಪ್ರಾಚೀನ ನಗರ ಪಾಂಪೇಯಲ್ಲಿ ದೊರೆತು ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ಅಲೆಕ್ಸಾಂಡರ್ ಮೊಸಾಯಿಕ್‌ನಲ್ಲಿ ಸುಮಾರು ಹದಿನೈದು ಲಕ್ಷ ಚೂರುಗಳಿವೆಯೆಂದು ಅಂದಾಜು. ಅವು ಕೆನ್ನೆಯ ಉಬ್ಬು, ಕುದುರೆಯ ಕುತ್ತಿಗೆಯ ಬಾಗನ್ನು ಅನುಸರಿಸಿ ಹರಿಯುತ್ತವೆ. ಕ್ರಿ.ಶ. 547ರಲ್ಲಿ ಪವಿತ್ರೀಕರಣಗೊಂಡ, ಇಟಲಿಯದೇ ರವೆನ್ನಾ ನಗರದ ಸಾನ್ ವಿಟಾಲೆ ಚರ್ಚಿನಲ್ಲಿ ಚಿನ್ನದ ಚೂರುಗಳನ್ನು ಹಸಿ ಗಾರೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಓರೆಯಲ್ಲಿ ಕೂರಿಸಿದ್ದರಿಂದ ಬೆಳಕು ಒಂದೆಡೆ ನಿಲ್ಲದೆ ಮಿನುಗುತ್ತದೆ. ಸಮತಟ್ಟಾದ ಹಾಳೆಯಲ್ಲಿ ಇದು ಸಿಗುವುದಿಲ್ಲ. ನನ್ನ ಸಲಹೆಯೆಂದರೆ ಹಿನ್ನೆಲೆಯನ್ನು ಯಂತ್ರಕ್ಕೆ ಬಿಡಿ. ಮುಖ, ಕೈ, ಅಂಚುಪಟ್ಟಿಗಳ ಜಾಗವನ್ನು ನಕ್ಷೆಯಲ್ಲೇ ಖಾಲಿ ಇರಿಸಿ ಕಲಾವಿದರಿಗೆ ಕೊಡಿ, ಗ್ರಾಹಕರಿಂದ ಅದಕ್ಕೆ ತಕ್ಕ ಬೆಲೆಯನ್ನೂ ಪಡೆಯಿರಿ.

ಆರಂಭಕ್ಕೆ ಒಂದೇ ತಯಾರಕರ, ಒಂದೇ ಅಳತೆಯ ಟೈಲ್ ಆರಿಸಿಕೊಂಡು, ತಂತ್ರಾಂಶದ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ, ಒಂದು ಚದರ ಮೀಟರನ್ನು ಕೈಯಿಂದಲೇ ಜೋಡಿಸಿ ಗ್ರೌಟ್ ತುಂಬಿಸಿ ನೋಡಿ. ಅದು ಕಣ್ಣಿಗೆ ಒಪ್ಪಿದ ಮೇಲೆ ಯಂತ್ರದ ಮಾತು. ಆಗಲೂ ಆರು ಕೀಲಿನ ದುಬಾರಿ ರೋಬೋಟ್ ತೋಳು ಬೇಕಿಲ್ಲ. ಚಪ್ಪಟೆ ಮೇಜಿನ ಮೇಲೆ ಉದ್ದ, ಅಗಲ, ಎತ್ತರ ಮೂರು ದಿಕ್ಕಿಗೆ ಚಲಿಸುವ ಗ್ಯಾಂಟ್ರಿ ಈ ಕೆಲಸಕ್ಕೆ ಸಾಲುತ್ತದೆ, ಅಂಥದ್ದನ್ನು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಂತ್ರ ತಯಾರಕರಲ್ಲಿ ವಿಚಾರಿಸಿ ನಿಮ್ಮ ಟೈಲ್ ಅಳತೆಗೆ ತಕ್ಕಂತೆ ಮಾಡಿಸಿಕೊಳ್ಳಬಹುದು.