ಸಂಪಾದಕರ ಉತ್ತರ: ಮಾಳಿಗೆಯ ಮೇಲಿನ ಕೆಂಡ ಮತ್ತು ಮೂತ್ರಪಿಂಡದ ಪಥ್ಯ

ಬೆಟಗೇರಿಯಿಂದ ಪತ್ರ ಬರೆದ ಸಹೋದರಿಯವರಿಗೆ ನಮಸ್ಕಾರ.

ನಿಮ್ಮ ಮನೆಯವರ ಮೂತ್ರಪಿಂಡದ ಕಾಯಿಲೆ ಮೂರನೆಯ ಹಂತದಲ್ಲಿದೆ, ಡಯಾಲಿಸಿಸ್ ಬೇಕಾಗಿಲ್ಲ, ಉಪ್ಪು ಮತ್ತು ಮಾಂಸ ಕಡಿಮೆ ಮಾಡಲು ವೈದ್ಯರು ಹೇಳಿದ್ದಾರೆ ಎಂದು ಬರೆದಿದ್ದೀರಿ. ರವಿವಾರ ಮಕ್ಕಳು ಮಾಳಿಗೆಯ ಮೇಲೆ ಇದ್ದಿಲು ಹೊತ್ತಿಸಿ ಬಾರ್ಬೆಕ್ಯೂ ಮಾಡುವಾಗ ಅವರು ಕೆಳಗಿನ ಕೋಣೆಯಲ್ಲಿ ಒಬ್ಬರೇ ಗಂಜಿ ಕುಡಿಯುತ್ತಾರೆ, ಒಂದು ತುಂಡಾದರೂ ಕೊಡಬಹುದೇ ಎಂದು ಕೇಳಿದ್ದೀರಿ. ಆ ಸಾಲು ಓದಿ ಮನಸ್ಸಿಗೆ ಬಹಳ ನೋವಾಯಿತು.

ಕೊಡಬಹುದು. ಅವರಿಗೆ ತೊಂದರೆ ಕೊಡುವುದು ಬಹುಮಟ್ಟಿಗೆ ಕೋಳಿ ಕೆಂಡಕ್ಕೆ ಹೋಗುವ ಮೊದಲೇ ಅದಕ್ಕೆ ಹಚ್ಚುವ ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಉಪ್ಪು ದಾಟಬಾರದು. ಪಾಕೀಟಿನ ತಂದೂರಿ ಮಸಾಲೆ, ಬಾಟಲಿಯ ಸಾಸ್, ಸಿದ್ಧ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಇವುಗಳಲ್ಲಿ ಉಪ್ಪು ಮೊದಲೇ ಸೇರಿರುವುದರಿಂದ ಒಂದೇ ಊಟಕ್ಕೆ ಈ ಲೆಕ್ಕ ಮುಗಿದುಹೋಗಬಹುದು.

ಹೊಲದಲ್ಲಿ ಸೀತನಿ ತಿಂದದ್ದನ್ನು ನೆನಪಿಸಿಕೊಳ್ಳಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಕಾಳು ಉದುರಿಸಿ ತಿನ್ನುವಾಗ ತೆನೆಗೆ ಯಾರೂ ಉಪ್ಪು ಸವರುವುದಿಲ್ಲ. ಹೊಗೆಯ ವಾಸನೆಯೇ ಅದಕ್ಕೆ ರುಚಿ ಕೊಡುತ್ತದೆ. ಕೋಳಿಗೂ ಅದೇ ದಾರಿ ಹಿಡಿಯಿರಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಪುಡಿಗೆ ಮನೆಯಲ್ಲೇ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು, ಲಿಂಬೆರಸ ಮತ್ತು ಒಂದು ಚಮಚ ಶೇಂಗಾ ಎಣ್ಣೆ ಕಲಸಿ, ಎರಡು ತಾಸು ನೆನೆಯಲು ಬಿಡಿ. ಉಪ್ಪು ಬೇಕೆನ್ನುವ ಮಕ್ಕಳು ತಮ್ಮ ತಟ್ಟೆಯಲ್ಲಿ ಉದುರಿಸಿಕೊಳ್ಳಲಿ.

ಇಲ್ಲಿ ನಮ್ಮ ಮನೆಯಲ್ಲೇ ಆದ ಒಂದು ತಪ್ಪನ್ನು ಹೇಳಲೇಬೇಕು. ನಮ್ಮ ಅಣ್ಣನವರಿಗೆ ಇದೇ ಕಾಯಿಲೆ ಬಂದಾಗ, ಒಳ್ಳೆಯದಾಗಲೆಂದು 'ಸೋಡಿಯಂ ಕಡಿಮೆ' ಎಂದು ಬರೆದ ಉಪ್ಪು ತಂದೆವು. ಅಂಥ ಉಪ್ಪಿನಲ್ಲಿ ಸೋಡಿಯಂ ತಗ್ಗಿಸಿದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ ಎಂಬುದು, ಮುಂದಿನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿದ್ದು ಕಂಡ ಮೇಲೆಯೇ ನಮಗೆ ತಿಳಿಯಿತು. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದು. ದಯವಿಟ್ಟು ಅದನ್ನು ತರಬೇಡಿ.

ಮಾಂಸದ ಅಳತೆಯ ಬಗ್ಗೆ ಹೇಳುವುದಾದರೆ, ಈ ಹಂತದಲ್ಲಿ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕೆನ್ನುತ್ತಾರೆ. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 48 ಗ್ರಾಂ ಆಗುತ್ತದೆ. ಬೆಂದ, ಎಲುಬಿಲ್ಲದ 100 ಗ್ರಾಂ ಕೋಳಿಯಲ್ಲೇ 25 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುವುದರಿಂದ, ಅವರಿಗೆ 60 ಗ್ರಾಂನಷ್ಟು ಬಡಿಸಿ ಆ ದಿನ ಬೇಳೆ, ಮೊಟ್ಟೆ, ಮೊಸರು ಕಡಿಮೆ ಮಾಡಿ. ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿದರೆ ಆಮೇಲೆ ಕಣ್ಣಳತೆ ಸಾಕು. ಕೋಳಿ ಅಂಗಡಿಯಿಂದ ಹಸಿಯಾಗಿಯೇ ಬರಲಿ. ಸಾಸೇಜ್, ಫ್ರೋಜನ್ ಕಬಾಬ್‌ಗಳಿಗೆ ಹಲವೊಮ್ಮೆ ಫಾಸ್ಫೇಟ್ ಸೇರಿಸಿರುತ್ತಾರೆ. ಅದರಲ್ಲಿರುವ ಫಾಸ್ಫರಸ್ ಸಹಜ ಆಹಾರದ ಫಾಸ್ಫರಸ್‌ಗಿಂತ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಕಪ್ಪು ಕೋಲಾವನ್ನೂ ಇದೇ ಕಾರಣಕ್ಕೆ ದೂರವಿಡಿ.

ತಟ್ಟೆಯ ಉಳಿದ ಭಾಗವನ್ನು ಸುಟ್ಟ ಉಳ್ಳಾಗಡ್ಡಿ, ಡೊಣ್ಣಮೆಣಸಿನಕಾಯಿ, ಬದನೆಕಾಯಿಗಳಿಂದ ತುಂಬಿಸಿ, ಜೊತೆಗೆ ಉಪ್ಪು ಹಾಕದೆ ಬಡಿದ ರೊಟ್ಟಿ ಇಡಿ. ಆಲೂಗಡ್ಡೆ ಬೇಕೇ ಬೇಕೆಂದರೆ, ಅದರ ಪೊಟ್ಯಾಸಿಯಂ ತಗ್ಗಲೆಂದು ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ನಂತರ ಸುಡಿ. ಉಪ್ಪಿನಕಾಯಿ, ಹಪ್ಪಳ ಮತ್ತು ನಮ್ಮೆಲ್ಲರ ಪ್ರೀತಿಯ ಕೆಂಪು ಚಟ್ನಿ ಆ ದಿನ ಅವರ ತಟ್ಟೆಗೆ ಬೇಡ. ಮಾಂಸ ಕರಕಲಾಗದಂತೆ ಜ್ವಾಲೆ ಇಳಿದ ಕೆಂಡದ ಮೇಲೆ ಬೇಯಿಸಿ.

ರವಿವಾರಕ್ಕೆ ಮುಂಚೆ ಅವರ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ಆಹಾರ ತಜ್ಞರಿಗೆ ಇಲ್ಲವೇ ನಿಮ್ಮ ವೈದ್ಯರಿಗೆ ತೋರಿಸಿ, ಈ ಅಳತೆ ಅವರಿಗೆ ಹೊಂದುತ್ತದೆಯೇ ಎಂದು ಕೇಳಿ. ಅವರು ಒಪ್ಪಿದರೆ ಮಾಳಿಗೆಯ ಮೇಲೆ, ಹೊಗೆ ಬಾರದ ಕಡೆಗೆ, ನಿಮ್ಮ ಮನೆಯವರಿಗೂ ಒಂದು ಕುರ್ಚಿ ಹಾಕಿಸಿ.